ಗಡಸು ನೀರೂ ಗಾಜಿನ ಲೋಟವೂ

ಪರಶುರಾಂಪುರದ ನಮ್ಮ ಹೋಟೆಲಿಗೆ ಲೋಟ ತೊಳೆಯುವ ಮೆಷಿನ್ ಹುಡುಕುವಾಗ ನಾನು ಮೊದಲು ನೋಡಿದ್ದು ಬೋರ್‌ವೆಲ್ ನೀರನ್ನು. ಅಂಥ ಗಡಸು ನೀರಿಗೆ ಸೋಪು ಸರಿಯಾಗಿ ನೊರೆ ಬಿಡುವುದಿಲ್ಲ. ಆರಿದ ಲೋಟದ ಮೇಲೆ ಸುಣ್ಣದ ಬಿಳಿ ಕಲೆ. ಅದೇ ಸುಣ್ಣ ಮೆಷಿನ್ನಿನ ಹೀಟರಿಗೂ ಕಟ್ಟಿಕೊಂಡರೆ ಕರೆಂಟು ಹೆಚ್ಚು ಎಳೆಯುತ್ತದೆ. ಗಡಸು ತೆಗೆಯಲು ಉಪ್ಪು ಹಾಕುವ ಸಾಫ್ಟ್‌ನರ್ ಇಲ್ಲದ ಮೆಷಿನ್ ನಮ್ಮ ಸೀಮೆಗೆ ಬೇಡವೇ ಬೇಡ.

ತೊಳೆಯಲು ಸುಮಾರು 60 ಡಿಗ್ರಿ, ಕೊನೆಗೆ ಜಾಲಿಸಲು 82 ಡಿಗ್ರಿ ಬಿಸಿನೀರು ಇದ್ದರೆ ಕ್ರಿಮಿ ಸಾಯುತ್ತದೆ, ಲೋಟವೂ ತಾನೇ ಆರುತ್ತದೆ. ಒರೆಸುವ ಬಟ್ಟೆ ಬೇಕಿಲ್ಲ. ಬಾರಿನವರಿಗೆ ಇನ್ನೊಂದು ಮಾತು: ಲೋಟದಲ್ಲಿ ಜಿಡ್ಡು ಉಳಿದರೆ ಬಿಯರಿನ ನೊರೆ ನಿಲ್ಲದು.

ಒಂದು ಬುಟ್ಟಿ ಲೋಟ ಜಾಲಿಸಲು ಎರಡು-ಮೂರು ಲೀಟರ್ ನೀರು ಸಾಕು. ವೇದಾವತಿ ಹೊಳೆ ಬತ್ತುವುದನ್ನು ಕಂಡವನಿಗೆ ಇದು ಸಣ್ಣದಲ್ಲ. ಮೆಷಿನ್ ಇಲ್ಲದ ಕಾಲದಲ್ಲಿ ಒಂದೇ ಬಕೆಟ್ ನೀರಿನಲ್ಲಿ ಎಲ್ಲರ ಲೋಟ ಅದ್ದಿ ತೆಗೆಯುವಾಗ ನನಗೆ ಕರುಳು ಚುರುಕ್ ಎನ್ನುತ್ತಿತ್ತು.