ಗೋಡೆಗೆ ತೂಗುಹಾಕಿದ ಅಗ್ನಿನಂದಕ ಸಮಯಕ್ಕೆ ಒದಗೀತೇ?

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. 1944ರ ಏಪ್ರಿಲ್ 14ರಂದು ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ಹೇರಿಕೊಂಡು ಮುಂಬಯಿ ಬಂದರಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಬೆಂಕಿಗೆ ತುತ್ತಾಗಿ ಸಿಡಿಯಿತು. ಅಂದು ಪ್ರಾಣ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಯೇ ಈ ಸಪ್ತಾಹದ ಮೂಲ. ಹಡಗಾಗಲಿ, ಗೋದಾಮಾಗಲಿ, ಸರಕು ತುಂಬಿದೆಡೆ ಹತ್ತಿದ ಬೆಂಕಿಯನ್ನು ಆರಂಭದಲ್ಲಿಯೇ ಅಡಗಿಸದಿದ್ದರೆ ನಂತರದ ಪ್ರಯತ್ನಗಳು ಬಹುಪಾಲು ವ್ಯರ್ಥವಾಗುತ್ತವೆ.

ಲೆಕ್ಕ ಪರಿಶೋಧನೆಯ ಸಲುವಾಗಿ ದಾಸ್ತಾನು ಪರಿಶೀಲಿಸಲು ಹೋದಾಗ ಈ ಲೇಖಕನು ಮೇಲಿಂದ ಮೇಲೆ ಕಾಣುವ ದೃಶ್ಯವೊಂದಿದೆ. ಅಗ್ನಿನಂದಕವೇನೋ ಇರುತ್ತದೆ, ಆದರೆ ಮೂಟೆಗಳ ಹಿಂದೆ, ಧೂಳು ಹಿಡಿದು, ಎರಡು ವರ್ಷ ಹಿಂದಿನ ಚೀಟಿ ಅಂಟಿಸಿಕೊಂಡು. ಪರವಾನಗಿಗಾಗಿ ಕೊಂಡದ್ದು ಪರವಾನಗಿಯೊಡನೆಯೇ ಮರೆತುಹೋಗಿರುತ್ತದೆ.

ಯಾವ ಬೆಂಕಿಗೆ ಯಾವ ಸಾಧನ?

ಕಟ್ಟಿಗೆ, ಕಾಗದ, ಬಟ್ಟೆ, ಹತ್ತಿಯ ಬೆಂಕಿ ‘ಎ’ ವರ್ಗಕ್ಕೂ, ಪೆಟ್ರೋಲ್, ಬಣ್ಣ, ಥಿನ್ನರ್ ಮುಂತಾದ ದ್ರವಗಳದು ‘ಬಿ’ ವರ್ಗಕ್ಕೂ, ಅನಿಲಗಳದು ‘ಸಿ’ ವರ್ಗಕ್ಕೂ ಸೇರುತ್ತವೆ. ಎಬಿಸಿ ಪುಡಿಯ ಸಾಧನವು ಈ ಮೂರಕ್ಕೂ ಸಲ್ಲುವುದರಿಂದ ಸಾಮಾನ್ಯ ಅಂಗಡಿ, ಕಾರ್ಯಾಗಾರಗಳಿಗೆ ಅನುಕೂಲ. ಆದರೆ ಆ ಪುಡಿ ಕಂಪ್ಯೂಟರ್ ಮತ್ತು ಸೂಕ್ಷ್ಮ ಯಂತ್ರಗಳನ್ನು ಕೆಡಿಸುತ್ತದೆ. ಅಂಥ ಕಡೆಗೂ ವಿದ್ಯುತ್ ಫಲಕಗಳ ಬಳಿಗೂ ಇಂಗಾಲದ ಡೈಆಕ್ಸೈಡ್ ಸಾಧನವೇ ಲೇಸು. ಉರಿಯುವ ಎಣ್ಣೆಗಾಗಲಿ, ವಿದ್ಯುತ್ ಹರಿಯುತ್ತಿರುವ ಉಪಕರಣಕ್ಕಾಗಲಿ ನೀರು ಎರಚುವುದು ಅಪಾಯಕಾರಿ.

ತಿಂಗಳಿಗೊಮ್ಮೆ ಹತ್ತು ನಿಮಿಷ

ಕೆಳಗಿನ ತಪಾಸಣೆಗೆ ತಜ್ಞರ ಅಗತ್ಯವಿಲ್ಲ. ನಂಬಿಕೆಯ ಗುಮಾಸ್ತರೊಬ್ಬರು ಸಾಕು.

1. ಸಾಧನವು ಕಣ್ಣಿಗೆ ಬೀಳುವಂತೆ, ಕೈಗೆಟುಕುವಂತೆ ಇದೆಯೇ? ಭಾರತೀಯ ಮಾನಕ ಐಎಸ್ 2190ರ ಪ್ರಕಾರ ಯಾವ ಜಾಗದಿಂದಲೂ 15 ಮೀಟರಿಗಿಂತ ಹೆಚ್ಚು ನಡೆಯದೆ ಅದನ್ನು ತಲುಪುವಂತಿರಬೇಕು.

2. ಒತ್ತಡಮಾಪಕವಿದ್ದರೆ ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ?

3. ಇಂಗಾಲದ ಡೈಆಕ್ಸೈಡ್ ಸಾಧನಕ್ಕೆ ಮಾಪಕವಿರುವುದಿಲ್ಲ, ತೂಗಿಯೇ ನೋಡಬೇಕು. ತಕ್ಕಡಿಯಿಲ್ಲದ ವರ್ತಕರುಂಟೇ? ಸಿಲಿಂಡರಿನ ಮೇಲೆ ನಮೂದಾದ ಖಾಲಿ ತೂಕವನ್ನು ಕಳೆದರೆ ಉಳಿದದ್ದು ಅನಿಲದ ತೂಕ. ಅದು ನೂರಕ್ಕೆ ಹತ್ತರಷ್ಟು, ಅಂದರೆ 4.5 ಕಿಲೋ ಸಾಧನದಲ್ಲಿ 450 ಗ್ರಾಂನಷ್ಟು ತಗ್ಗಿದ್ದರೆ ಮರುಭರ್ತಿ ಮಾಡಿಸಬೇಕು.

4. ಸುರಕ್ಷತಾ ಪಿನ್ನು, ಮೊಹರು ಭದ್ರವಾಗಿವೆಯೇ? ‘ಪರೀಕ್ಷೆಗೆಂದು’ ಒಮ್ಮೆ ಒತ್ತಿ ನೋಡುವುದು ಸಲ್ಲದು. ವಾಲ್ವಿನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡವೆಲ್ಲ ಮೆಲ್ಲಗೆ ಸೋರಿಹೋಗುತ್ತದೆ. ಕ್ಷಣಮಾತ್ರ ಬಳಸಿದ್ದರೂ ಮರುಭರ್ತಿ ಅನಿವಾರ್ಯ.

5. ಕೊಳವೆ ಬಿರುಕು ಬಿಟ್ಟಿದೆಯೇ, ಮೂತಿಯಲ್ಲಿ ಕಣಜವು ಮಣ್ಣಿನ ಗೂಡು ಕಟ್ಟಿದೆಯೇ, ಸಿಲಿಂಡರಿನ ತಳ ತುಕ್ಕು ಹಿಡಿದಿದೆಯೇ ಎಂಬುದನ್ನೂ ಗಮನಿಸಬೇಕು.

ಚೀಟಿ ಬದಲಾದರೆ ಸಾಲದು

ವಾರ್ಷಿಕ ಸೇವೆಗೆ ಬಂದವರು ಬಟ್ಟೆಯಿಂದ ಒರೆಸಿ, ಹೊಸ ದಿನಾಂಕದ ಚೀಟಿ ಅಂಟಿಸಿ, ಬಿಲ್ಲು ಕೊಟ್ಟು ಹೋಗುವುದುಂಟು. ಪುಡಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿದರೇ, ಯಾವ ಭಾಗ ಬದಲಿಸಿದರು, ಎಷ್ಟು ತುಂಬಿದರು ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು. ಸಿಲಿಂಡರು ಒತ್ತಡ ತಾಳಬಲ್ಲದೇ ಎಂದು ತಿಳಿಯುವ ಜಲಒತ್ತಡ ಪರೀಕ್ಷೆಯೂ ಕಾಲಕಾಲಕ್ಕೆ ಆಗಬೇಕು. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಐದು ವರ್ಷಗಳಿಗೊಮ್ಮೆ. ಹೊಸದನ್ನು ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡದೆ ಕೊಳ್ಳಬಾರದು.

ಲೆಕ್ಕಪುಸ್ತಕದ ದೃಷ್ಟಿಯಿಂದ

ಸಾಧನದ ಖರೀದಿ ಬಂಡವಾಳ ವೆಚ್ಚ. ಮರುಭರ್ತಿ, ದುರಸ್ತಿಗಳು ರಾಜಸ್ವ ವೆಚ್ಚ. ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಸ್ಥಳ, ತಪಾಸಣೆಯ ದಿನ, ತಪಾಸಣೆ ಮಾಡಿದವರ ಸಹಿಯನ್ನು ಒಂದು ವಹಿಯಲ್ಲಿ ದಾಖಲಿಸುವುದು ಒಳ್ಳೆಯದು. ನಷ್ಟ ತಡೆಯಲು ಸೂಕ್ತ ಎಚ್ಚರಿಕೆ ವಹಿಸಬೇಕೆಂಬ ಷರತ್ತು ಅಗ್ನಿ ವಿಮಾ ಪಾಲಿಸಿಗಳಲ್ಲಿ ಇರುತ್ತದೆ. ಸರ್ವೇಯರರ ಮುಂದೆ ಆ ವಹಿಯೇ ನಿಮ್ಮ ಸಾಕ್ಷಿ. ಅದರ ಒಂದು ಪ್ರತಿಯನ್ನು ಗೋದಾಮಿನ ಹೊರಗೆ ಇಡುವುದನ್ನು ಮರೆಯಬಾರದು.

ಹಲವರ ಗಮನಕ್ಕೆ ಬಾರದ ಅಂಶ ಇನ್ನೊಂದಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 17(5)(ಎಚ್) ವಿಧಿಯಂತೆ ನಾಶವಾದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. 20 ಲಕ್ಷ ರೂಪಾಯಿಯ ಸರಕನ್ನು ಶೇಕಡಾ 18ರ ತೆರಿಗೆ ತೆತ್ತು ಕೊಂಡು ಜಮೆ ಪಡೆದಿದ್ದೀರಿ ಎನ್ನೋಣ. ಅದು ಸುಟ್ಟುಹೋದರೆ ಹಿಂತಿರುಗಿಸಬೇಕಾದ ತೆರಿಗೆ 3.60 ಲಕ್ಷ. ವಿಮೆ 20 ಲಕ್ಷಕ್ಕೆ ಮಾತ್ರ ಇದ್ದರೆ ಈ ಹೊರೆ ಬೀಳುವುದು ನಿಮ್ಮ ಗಂಟಿನ ಮೇಲೆ. ಆದ್ದರಿಂದ ವಿಮಾ ಮೊತ್ತದಲ್ಲಿ ತೆರಿಗೆಯೂ ಸೇರಿದೆಯೇ ಎಂದು ಪಾಲಿಸಿ ನವೀಕರಣದ ವೇಳೆ ವಿಮಾ ಕಂಪನಿಯಿಂದ ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು.

ಕೈ ಪಳಗಿರಬೇಕು

ಆರು ಕಿಲೋ ಪುಡಿಯ ಸಾಧನ ಅರ್ಧ ನಿಮಿಷದೊಳಗೇ ಬರಿದಾಗುತ್ತದೆ. ಬಳಕೆಯ ವಿಧಾನವನ್ನು ಆಗ ಓದುತ್ತ ನಿಲ್ಲಲು ಸಮಯವಿರದು. ಪಿನ್ನು ಎಳೆದು, ಮೂತಿಯನ್ನು ಜ್ವಾಲೆಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಎಡಬಲಕ್ಕೆ ಆಡಿಸಬೇಕು. ಮರುಭರ್ತಿಗೆ ಕಳುಹಿಸುವ ಮುನ್ನ ಹಳೆಯ ಸಾಧನವನ್ನು ಬಯಲಿನಲ್ಲಿ ಕೆಲಸಗಾರರಿಂದಲೇ ಬಳಸಿಸಿದರೆ ಹೆಚ್ಚಿನ ಖರ್ಚಿಲ್ಲದೆ ತರಬೇತಿಯಾಗುತ್ತದೆ.

ಆದರೂ ಇದು ಆರಂಭದ ಬೆಂಕಿಗಷ್ಟೇ ಮದ್ದು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆಯಲ್ಲಿ ಸಿಲುಕಿ ದಾರಿ ಕಾಣದೆ ಒಂಬತ್ತು ಮಂದಿ ಅಸುನೀಗಿದರು. ಬೆನ್ನ ಹಿಂದೆ ಹೊರಹೋಗುವ ದಾರಿ ತೆರೆದಿರುವಾಗ ಮಾತ್ರ ಬೆಂಕಿಯೆದುರು ನಿಲ್ಲಬೇಕು. ಒಂದು ಸಾಧನದಿಂದ ಆರದಿದ್ದರೆ ಎಲ್ಲರನ್ನೂ ಹೊರಗೆ ಕಳುಹಿಸಿ 112ಕ್ಕೆ ಅಥವಾ 101ಕ್ಕೆ ಕರೆ ಮಾಡಬೇಕು. ಸರಕನ್ನು ಮತ್ತೆ ಕೊಳ್ಳಬಹುದು. ಕೆಲಸಗಾರನ ಜೀವಕ್ಕೆ ಮರುಭರ್ತಿಯಿಲ್ಲ.

ತಿಂಗಳ ಲೆಕ್ಕ ಮುಗಿಸುವ ದಿನವೇ ಈ ತಪಾಸಣೆಗೂ ಗೊತ್ತುಮಾಡಿದರೆ ಮರೆವಿಗೆ ಅವಕಾಶವಿರದು. ಸದಸ್ಯ ಬಾಂಧವರು ಈ ತಿಂಗಳಿನಿಂದಲೇ ಆರಂಭಿಸುವುದು ಉಚಿತ.