ಪಠ್ಯಪುಸ್ತಕಕ್ಕೊಂದು ಅಳತೆಗೋಲು

ಕಾಲೇಜಿನ ಪಠ್ಯಪುಸ್ತಕ ತಲೆಗೆ ಹತ್ತದಿದ್ದರೆ ತಪ್ಪನ್ನು ವಿದ್ಯಾರ್ಥಿಯ ಮೇಲೆಯೇ ಹೊರಿಸುವುದು ನಮ್ಮ ವಾಡಿಕೆ. ಪುಸ್ತಕಕ್ಕೂ ಒಂದು ಪರೀಕ್ಷೆ ಏಕಿರಬಾರದು? ಅಮೆರಿಕದಲ್ಲಿ ರುಡಾಲ್ಫ್ ಫ್ಲೆಶ್ ಎಂಬವರು 1948ರಲ್ಲಿ ಇದಕ್ಕೊಂದು ಸೂತ್ರವನ್ನು ಪ್ರಕಟಿಸಿದರು. ವಾಕ್ಯಕ್ಕೆ ಸರಾಸರಿ ಪದಗಳೆಷ್ಟು, 100 ಪದಗಳಲ್ಲಿ ಉಚ್ಚರಿಸುವ ಅಕ್ಷರಗಳೆಷ್ಟು ಎಂದು ಎಣಿಸಿ, ಬರಹದ ಸರಳತೆಗೆ ಅಂಕ ಕೊಡುವುದು ಅದರ ಕ್ರಮ. ಓದಿನ ಸ್ವಾರಸ್ಯಕ್ಕೂ ಅವರು ಬೇರೊಂದು ಲೆಕ್ಕವನ್ನು ಹೂಡಿದರು: ‘ನಾನು’, ‘ನೀವು’ ಮೊದಲಾದ ಪದಗಳೆಷ್ಟು, ಓದುಗನನ್ನೇ ಉದ್ದೇಶಿಸಿದ ವಾಕ್ಯಗಳೆಷ್ಟು ಎಂದು. (ಸ್ವಾರಸ್ಯವನ್ನು ಸರ್ವನಾಮದಲ್ಲಿ ಹುಡುಕುವುದು ತುಸು ಧೈರ್ಯದ ಕೆಲಸವೇ ಸರಿ!)

ಇಂಗ್ಲಿಷಿಗೆಂದು ಮಾಡಿದ ಈ ಗೋಲು ಕನ್ನಡಕ್ಕೆ ಒಗ್ಗದು. ‘ಹೋಗಬೇಕಾಗಿದ್ದುದರಿಂದ’ ಎಂಬ ಒಂದೇ ಪದಕ್ಕೆ ಒಂಬತ್ತು ಅಕ್ಷರ. ಆದರೂ ಮಕ್ಕಳಿಗೂ ಸುಲಭ. ‘ಜಡತ್ವ’ಕ್ಕೆ ಮೂರೇ ಅಕ್ಷರ, ಅಲ್ಲಿ ಕಾಲೇಜಿನವನೂ ಎಡವುತ್ತಾನೆ.

ವಿಲ್ಸನ್ ಟೇಲರ್ 1953ರಲ್ಲಿ ತೋರಿದ ಮಾರ್ಗ ನಮಗೆ ಹೆಚ್ಚು ಹೊಂದೀತು. ಪಾಠದಲ್ಲಿ, ಸಾಮಾನ್ಯವಾಗಿ, ಪ್ರತಿ ಐದನೆಯ ಪದವನ್ನು ಅಳಿಸಿ, ತೆರವಾದ ಎಡೆಗಳನ್ನು ಓದುಗನಿಂದಲೇ ತುಂಬಿಸುವುದು. ಮೂಲಪದ ಎಷ್ಟು ಕಡೆ ದೊರೆಯಿತೋ ಅಷ್ಟರಮಟ್ಟಿಗೆ ಪುಸ್ತಕ ಅವನಿಗೆ ಎಟುಕಿತೆಂದು ಎಣಿಕೆ. ಪದ ಸರಿಯಿದ್ದು ವಿಭಕ್ತಿ ತಪ್ಪಿದರೆ ಅಂಕ ಕೊಡಬೇಕೆ ಎಂಬುದನ್ನು ಮಾತ್ರ ನಾವು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಸ್ತಪ್ರತಿ ಅಚ್ಚಿಗೆ ಹೋಗುವ ಮುನ್ನ, ಒಂದು ತರಗತಿಯಲ್ಲಿ, ಒಂದು ಗಂಟೆಯಲ್ಲಿ ಇದನ್ನು ನಡೆಸಬಹುದು.