ಮಂಡಿನೋವಿನ ಗುಳಿಗೆ

ಮಂಡಿಯಲ್ಲಿ ಮೂಳೆಗಳ ತುದಿಗೆ ನುಣುಪಾದ ಮೆತ್ತೆ ಇದೆ. ವಯಸ್ಸಾದ ಹಾಗೆ ಅದು ಸವೆಯುತ್ತದೆ. ಆಗ ಕೂತರೆ ಏಳೋದು ಕಷ್ಟ.

ಇದಕ್ಕೆ ಗ್ಲುಕೋಸಮೈನ್ ಎಂಬ ಗುಳಿಗೆ ಮಾರುತ್ತಾರೆ. ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ಮಾಡುತ್ತಾರೆ. ತಿಂಗಳುಗಟ್ಟಲೆ ನುಂಗಬೇಕು. ದುಡ್ಡಂತೂ ಹೋಗುತ್ತದೆ. ನೋವು ಹೋಗುತ್ತದೆಯೇ?

ಅಮೆರಿಕದ ವೈದ್ಯರು ಪರೀಕ್ಷೆ ಮಾಡಿ ನೋಡಿದರು. ಅದರ ಫಲ 2006ರಲ್ಲಿ ಹೊರಬಂತು. ಮಂಡಿನೋವಿದ್ದ 1583 ಮಂದಿಯನ್ನು ಐದು ಗುಂಪು ಮಾಡಿದರು. ಒಂದು ಗುಂಪಿಗೆ ಈ ಗುಳಿಗೆ. ಇನ್ನೊಂದಕ್ಕೆ ಔಷಧವೇ ಇಲ್ಲದ ಹುಸಿ ಗುಳಿಗೆ. ಉಳಿದವರಿಗೆ ಬೇರೆ ಔಷಧ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ! 24 ವಾರ ಹೀಗೆ ನಡೆಯಿತು.

ಗ್ಲುಕೋಸಮೈನ್ ನುಂಗಿದ 100 ಜನರಲ್ಲಿ 64 ಮಂದಿಗೆ ನೋವು ಕಮ್ಮಿಯಾಯಿತು. ಹುಸಿ ಗುಳಿಗೆ ನುಂಗಿದವರಲ್ಲಿ? 60 ಮಂದಿಗೆ! ಇಷ್ಟು ಸಣ್ಣ ಅಂತರ ಸುಮ್ಮನೆಯೂ ಬರಬಹುದು. ಅದು ಗುಳಿಗೆಯ ಗುಣ ಅನ್ನೋಕಾಗಲ್ಲ.

"ನನಗೆ ವಾಸಿ ಆಯ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಈ ನೋವು ಏರುತ್ತೆ, ತಾನೇ ಇಳಿಯುತ್ತೆ. ಇಳಿದಾಗ ಗುಳಿಗೆಗೆ ಹೆಸರು ಬರುತ್ತದೆ.

ನಾವು ಇನ್ನೇನು ಮಾಡಬಹುದು? ಬೆಂಚಿನ ಮೇಲೆ ಕೂತು ಒಂದು ಕಾಲನ್ನು ನೆಟ್ಟಗೆ ಚಾಚೋಣ. ಐದು ಎಣಿಸಿ ಇಳಿಸೋಣ. ಆಮೇಲೆ ಇನ್ನೊಂದು ಕಾಲು. ದಿನಾ ಮಾಡಿದರೆ ತೊಡೆ ಗಟ್ಟಿಯಾಗಿ ಮಂಡಿಗೆ ಆಸರೆ ಸಿಗುತ್ತದೆ. ಮಂಡಿ ಊದಿ ಕೆಂಪಾಗಿ ಜ್ವರ ಬಂದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.